ಹೋಯಿ ಆನ್‌ನಲ್ಲಿ ಕೋಟು ಹೊಲಿಸುವ ಮುಂಚೆ ಇದನ್ನೊಮ್ಮೆ ಓದಿ

ಇಲ್ಲಿ ಹೊಲಿಸಿದ ಕೋಟು ಕೆಡುವ ರೀತಿ ಹೆಚ್ಚುಕಡಿಮೆ ಒಂದೇ. ವಿಯೆಟ್ನಾಂನ ಹೋಯಿ ಆನ್‌ಗೆ ಎರಡು ರಾತ್ರಿಗೆಂದು ಹೋಗಿರುತ್ತಾರೆ. ಮೊದಲ ಸಂಜೆ ಜಪಾನಿ ಸೇತುವೆ ಕಡೆ ನಡೆಯುವಾಗ ಹೆಂಗಸೊಬ್ಬಳು ಜೊತೆಗೂಡಿ, ಯಾವ ದೇಶ, ಎಷ್ಟು ದಿನ ಇರುತ್ತೀರಿ ಎಂದು ವಿಚಾರಿಸುತ್ತಾಳೆ. ಮಾತು ಮುಗಿಯುವಷ್ಟರಲ್ಲಿ ‘ನಮ್ಮಕ್ಕನ ಅಂಗಡಿ’ಯ ಕನ್ನಡಿ ಮುಂದೆ ನಿಂತಾಗಿರುತ್ತದೆ. ಹತ್ತು ನಿಮಿಷದಲ್ಲಿ ಅಳತೆ, ನಾಳೆ ಸಂಜೆಗೆ ರೆಡಿ, ದುಡ್ಡು ಪೂರ್ತಿ ಮುಂಗಡ. ಮರುದಿನ ನದಿ ದಂಡೆಯಲ್ಲಿ ಕೂರಬೇಕಾದ ಹೊತ್ತು ಅಂಗಡಿಯ ಸ್ಟೂಲ್ ಮೇಲೆ ಹೋಗುತ್ತದೆ: ಭುಜ ಇಳಿಬಿದ್ದಿದೆ, ಕೈ ಎತ್ತಿದರೆ ಕೋಟೇ ಮೇಲೇಳುತ್ತದೆ. ‘ಒಂದು ಗಂಟೆ’ ಎಂದವರು ರಾತ್ರಿ ಹತ್ತಕ್ಕೆ ಹೋಟೆಲಿಗೆ ತಂದುಕೊಡುತ್ತಾರೆ. ಬೆಳಿಗ್ಗೆ ಮೂವತ್ತು ಕಿಲೋಮೀಟರ್ ಆಚೆಯ ದಾ ನಾಂಗ್‌ನಿಂದ ವಿಮಾನ. ಊರಿಗೆ ಬಂದು ಒಮ್ಮೆ ಡ್ರೈಕ್ಲೀನಿಂಗ್ ಆದರೆ ಎದೆಯ ಮೇಲೆ ಬಟ್ಟೆ ಗುಳ್ಳೆ ಏಳುತ್ತದೆ.

ಕಾರಣ ಸರಳ. ರಸ್ತೆ ಬದಿ ಕಾಣುವ ಅಂಗಡಿಗಳಲ್ಲಿ ಬಹಳಷ್ಟು ಬರೀ ಅಳತೆ ತೆಗೆಯುವ ಜಾಗ. ಹೊಲಿಗೆ ನಡೆಯುವುದು ಬೇರೆ ಕಡೆ, ಹಲವು ಅಂಗಡಿಗಳ ಕೆಲಸ ಒಟ್ಟಿಗೆ ಬಂದು ಬೀಳುವ ವರ್ಕ್‌ಶಾಪುಗಳಲ್ಲಿ. ನಿಮ್ಮ ಭುಜ ಒಂದು ಕಡೆ ತಗ್ಗಿದೆ ಎಂದು ಅಂಗಡಿಯವಳು ಕಣ್ಣಾರೆ ಕಂಡಿರುತ್ತಾಳೆ, ಕತ್ತರಿ ಹಿಡಿದವನಿಗೆ ಸಿಗುವುದು ಚೀಟಿಯಲ್ಲಿನ ಅಂಕಿ ಮಾತ್ರ. ಇಪ್ಪತ್ನಾಲ್ಕು ಗಂಟೆಯ ಕೋಟಿಗೆ ಎದೆಯೊಳಗೆ ಕ್ಯಾನ್ವಾಸ್ (ಕೋಟಿನ ಆಕಾರ ಹಿಡಿಯುವ ಒರಟು ಒಳಬಟ್ಟೆ) ಕೈಹೊಲಿಗೆ ಹಾಕಲು ಪುರುಸೊತ್ತಿಲ್ಲ. ಅಂಟಿನ ಕ್ಯಾನ್ವಾಸ್ ಇಸ್ತ್ರಿ ಒತ್ತಿ ಕೂರಿಸುತ್ತಾರೆ. ಶಾಖ, ಒತ್ತಡ ಸರಿಯಾಗಿ ಸಿಗದಿದ್ದರೆ ಅಂಟು ಮುಂದೆ ಬಿಟ್ಟುಕೊಳ್ಳುತ್ತದೆ. ಗುಳ್ಳೆ ಏಳುವುದು ಅದಕ್ಕೇ. ಇನ್ನು ಹೋಟೆಲ್ ಕೌಂಟರಿನವರೋ ದಾರಿಯಲ್ಲಿ ಸಿಕ್ಕವರೋ ಕರೆದೊಯ್ದ ಅಂಗಡಿಯಾದರೆ ಅವರ ಕಮಿಷನ್ ಬಟ್ಟೆಯ ಲೆಕ್ಕದಲ್ಲೇ ಸೇರಿರುತ್ತದೆ.

ಹೊಲಿಸಲೇಬೇಡಿ ಎನ್ನಲಾಗದು. ಶತಮಾನಗಳ ಹಿಂದೆಯೇ ಜಪಾನಿ, ಚೀನಿ ವ್ಯಾಪಾರಿಗಳು ರೇಷ್ಮೆಗೆ ಬಂದು ನೆಲೆಸಿದ ಬಂದರು ಇದು. ಒಳ್ಳೆಯ ಕೈಗಳು ಇಲ್ಲಿ ಇವೆ. ಆದರೆ ಮೂರು ರಾತ್ರಿಗಿಂತ ಕಡಿಮೆ ಇದ್ದರೆ ಕೋಟಿನ ತಂಟೆಗೆ ಹೋಗಬೇಡಿ, ಶರ್ಟು ಪೈಜಾಮಕ್ಕೆ ನಿಲ್ಲಿಸಿ. ಕೋಟು ಬೇಕೇ ಬೇಕೆಂದರೆ ಬಂದಿಳಿದ ದಿನವೇ ಅಳತೆ ಕೊಡಿ. ಎರಡನೆಯ ದಿನ ಕಚ್ಚಾ ಹೊಲಿಗೆಯಲ್ಲಿ ಒಂದು ಟ್ರಯಲ್, ಮೂರನೆಯ ದಿನ ಇನ್ನೊಂದು. ಭುಜ ಮತ್ತು ಬಗಲು ಕಚ್ಚಾ ಹೊಲಿಗೆಯಲ್ಲೇ ಸರಿಹೋಗಬೇಕು. ಸೊಂಟ, ತೋಳಿನುದ್ದ, ಪ್ಯಾಂಟಿನ ಉದ್ದವನ್ನು ನಮ್ಮೂರ ಟೈಲರ್ ಕೂಡ ತಿದ್ದುತ್ತಾನೆ, ಭುಜವನ್ನು ಮುಟ್ಟಲು ಹಿಂಜರಿಯುತ್ತಾನೆ. ಟ್ರಯಲ್‌ನಲ್ಲಿ ಕನ್ನಡಿ ಮುಂದೆ ನೆಟ್ಟಗೆ ನಿಲ್ಲುವುದರಿಂದ ಏನೂ ತಿಳಿಯದು. ಕುಳಿತುಕೊಳ್ಳಿ, ಕೈ ಕಟ್ಟಿ, ಬಸ್ಸಿನ ಕಂಬಿ ಹಿಡಿದಂತೆ ಕೈ ಎತ್ತಿ, ಜೇಬಿಗೆ ಫೋನ್ ಹಾಕಿ. ಬೆನ್ನಿನ ಫೋಟೋ ಬೇರೆಯವರಿಂದ ತೆಗೆಸಿ. ಆಮೇಲೆ ಒಳಮೈ ಹೊರಗೆ ಮಾಡಿ ನೋಡಿ: ಬದಿಯ ಹೊಲಿಗೆಯ ಪಕ್ಕ ಒಂದು ಇಂಚಾದರೂ ಬಟ್ಟೆ ಬಿಟ್ಟಿರಬೇಕು. ಕಾಲು ಇಂಚು ಬಿಟ್ಟಿದ್ದರೆ ಮುಂದೆ ಮೈ ತುಂಬಿದಾಗ ಬಿಚ್ಚಲು ಏನೂ ಉಳಿದಿರುವುದಿಲ್ಲ.

ಬಟ್ಟೆಯದೇ ದೊಡ್ಡ ಮೋಸ. ರೇಷ್ಮೆ ಎಂದು ಪಾಲಿಯೆಸ್ಟರ್, ಉಣ್ಣೆ ಎಂದು ಪಾಲಿಯೆಸ್ಟರ್ ಮಿಶ್ರಣ. ಮೈಸೂರು ಸಿಲ್ಕ್ ಉಟ್ಟು ಬೆಳೆದವರೂ ಇಲ್ಲಿನ ದೀಪದ ಹೊಳಪಿಗೆ ಏಮಾರುತ್ತಾರೆ. ಥಾನಿನ ಅಂಚಿನಿಂದ ನಾಲ್ಕು ಎಳೆ ಕೇಳಿ ಪಡೆದು ಅಂಗಡಿಯ ಹೊರಗೆ ಸುಟ್ಟು ನೋಡಿ (ಒಳಗೆ ಬೇಡ, ತಲೆಯ ಮೇಲೆಲ್ಲ ಬಟ್ಟೆ, ಲಾಟೀನು). ರೇಷ್ಮೆ, ಉಣ್ಣೆ ಕೂದಲು ಸುಟ್ಟ ವಾಸನೆ ಬರಿಸಿ, ಬೆಂಕಿ ತೆಗೆದರೆ ತಾವೇ ಆರುತ್ತವೆ. ಬೂದಿ ಬೆರಳಲ್ಲಿ ಪುಡಿಯಾಗುತ್ತದೆ. ಪಾಲಿಯೆಸ್ಟರ್ ಕರಗಿ ಸಾಸಿವೆಯಂಥ ಗಟ್ಟಿ ಕರಿಗುಂಡಾಗಿ ನಿಲ್ಲುತ್ತದೆ. ಕಾಗದ ಸುಟ್ಟ ವಾಸನೆ ಬಂದರೆ ಹತ್ತಿ ಅಥವಾ ವಿಸ್ಕೋಸ್. ಸುಡಲು ಬಿಡದ ಅಂಗಡಿಯಲ್ಲಿ ಶುದ್ಧ ರೇಷ್ಮೆಯ ಬೆಲೆ ಕೊಡಬೇಡಿ. ಒಪ್ಪಿಗೆಯಾದ ಮೇಲೆ ಅದೇ ಥಾನಿನಿಂದ ಎರಡು ಬೆರಳಗಲದ ತುಂಡು ಕತ್ತರಿಸಿ ನಿಮ್ಮ ಬಿಲ್ಲಿಗೆ ಪಿನ್ ಹೊಡೆಸಿಕೊಳ್ಳಿ. ತೋರಿಸಿದ್ದು ಒಂದು, ಹೊಲಿದದ್ದು ಇನ್ನೊಂದು ಎಂಬ ಜಗಳ ಅಲ್ಲಿಗೇ ಮುಗಿಯುತ್ತದೆ. ಲೈನಿಂಗ್, ಗುಂಡಿ, ಟ್ರಯಲ್‌ಗಳ ದಿನ ಬಿಲ್ಲಿನಲ್ಲೇ ಬರೆಸಿ. ಮುಂಗಡ ಅರ್ಧದ ಮೇಲೆ ದಾಟಬಾರದು.

ಸೀರೆ ಕುಪ್ಪಸ ಹೊಲಿಸುವ ಉತ್ಸಾಹ ಬೇಡ. ಕಟೋರಿ ಕಟ್ ಅಲ್ಲಿನವರ ಕೈಗೆ ಹೊಸದು. ಅಳತೆ ಕುಪ್ಪಸ ಕೊಟ್ಟರೂ ಎದೆಯ ಡಾರ್ಟ್ ಜಾಗ ತಪ್ಪುತ್ತದೆ. ಅವರಿಗೆ ಬರುವುದು ಅವರ ಆವೊ ದಾಯ್, ಸೊಂಟದ ಮೇಲಿನಿಂದ ಎರಡೂ ಬದಿ ಸೀಳಿದ ಉದ್ದನೆಯ ಅಂಗಿ. ಅದನ್ನೇ ಹೊಲಿಸಿ.

ದುಡ್ಡಿನ ವಿಷಯ. 20,000 ಡಾಂಗ್ ನೋಟು ನೀಲಿ, 5,00,000 ಡಾಂಗ್ ನೋಟೂ ನೀಲಿ ಛಾಯೆಯದೇ. ಎರಡರಲ್ಲೂ ಹೋ ಚಿ ಮಿನ್ ಮುಖ, ಎರಡೂ ಪ್ಲಾಸ್ಟಿಕ್. ಒಂದು ಎಪ್ಪತ್ತು ರೂಪಾಯಿಯ ಒಳಗಿನದು, ಇನ್ನೊಂದು ಸಾವಿರದ ಏಳುನೂರರ ಹತ್ತಿರದ್ದು. ಮಬ್ಬು ಬೆಳಕಿನ ದೋಣಿಕಟ್ಟೆಯಲ್ಲಿ ಇಪ್ಪತ್ತು ಸಾವಿರದ್ದೆಂದು ಐದು ಲಕ್ಷದ್ದು ಕೊಟ್ಟರೆ ವಾಪಸ್ ಬರುವ ಭರವಸೆಯಿಲ್ಲ. ಹಿಂಬದಿ ತಿರುಗಿಸಿ ನೋಡಿ: ಸೇತುವೆ ಚಿತ್ರವಿದ್ದರೆ 20,000. ಅದು ಇದೇ ಊರಿನ ಜಪಾನಿ ಸೇತುವೆ, ಎದುರಿಗೇ ಕಾಣುವಂಥದ್ದು. ದೊಡ್ಡ ನೋಟನ್ನು ಬೇರೆ ಜೇಬಿನಲ್ಲಿಡುವುದು ಇನ್ನೂ ಸುಲಭ.

ಲಾಟೀನು ದೋಣಿಗೆ ಟಿಕೆಟ್ ಕೌಂಟರ್ ಇದೆ: ಮೂವರವರೆಗೆ ಒಂದು ದೋಣಿಗೆ 1,50,000 ಡಾಂಗ್, ನಾಲ್ಕೈದು ಜನಕ್ಕೆ 2,00,000, ಇಪ್ಪತ್ತು ನಿಮಿಷ. ದಂಡೆಯಲ್ಲಿ ಕೈಹಿಡಿದು ಎಳೆಯುವವರ ಜೊತೆ ಹೋದರೆ ‘ಒಬ್ಬರಿಗೆ’ ಎಂಬ ಮಾತು ನಡುನೀರಿನಲ್ಲಿ ಹೊರಬರುತ್ತದೆ. ಹಣ್ಣಿನ ಅಡ್ಡೆಯನ್ನು ನಿಮ್ಮ ಹೆಗಲಿಗೇರಿಸಿ ಫೋಟೋ ತೆಗೆಯಿರಿ ಎನ್ನುವವರಿಗೂ ಕೊನೆಗೆ ದುಡ್ಡು ಬೇಕು.

ತೆಂಗಿನ ತೋಪಿನ ಬುಟ್ಟಿದೋಣಿಯನ್ನು ಹಳ್ಳಿಯ ಶಾಂತ ಬದುಕು ಎಂದು ಮಾರುತ್ತಾರೆ. ಹಂಪಿಯ ಹರಿಗೋಲು ಕಂಡವರಿಗೆ ದೋಣಿ ಹೊಸದಲ್ಲ, ಅದೇ ಬಿದಿರು ಹೆಣಿಗೆಯ ದುಂಡು ಬುಟ್ಟಿ. ಹೊಸದೆಂದರೆ ಸ್ಪೀಕರಿನ ಅಬ್ಬರ, ದೋಣಿ ಗಿರಗಿರನೆ ತಿರುಗಿಸಿ ಕೇಳುವ ಟಿಪ್ಸ್. ಸುಮ್ಮನೆ ಕೂರಬೇಕೆನ್ನುವವರು ಬೆಳಿಗ್ಗೆ ಏಳರೊಳಗೆ ಹೋಗಿ, ಇಲ್ಲವೇ ಬಿಟ್ಟುಬಿಡಿ.

ಅಕ್ಟೋಬರ್, ನವೆಂಬರ್ ಬೇಡ. ತು ಬೋನ್ ನದಿ ಉಕ್ಕಿ ಹಳೇ ಊರಿನ ಬೀದಿಗಳಿಗೆ ನುಗ್ಗುವ ಕಾಲ ಅದು. ಹೋಗಲೇಬೇಕಾದರೆ ನೆಲಮಹಡಿಯ ರೂಮು ಹಿಡಿಯಬೇಡಿ. ಉಳಿದ ತಿಂಗಳಲ್ಲಿ ದಿನ ಆರಿಸುವಾಗ ಪಂಚಾಂಗ ತೆರೆಯಿರಿ. ಅವರ ಚಾಂದ್ರಮಾಸದ ಹದಿನಾಲ್ಕನೆಯ ದಿನ, ನಮ್ಮ ಹುಣ್ಣಿಮೆಯ ಹಿಂದಿನ ದಿನದ ಆಸುಪಾಸು, ಹಳೇ ಊರಿನಲ್ಲಿ ವಿದ್ಯುತ್ ದೀಪ ಆರಿಸಿ ಲಾಟೀನು ಹಚ್ಚುತ್ತಾರೆ. ಟೈಲರ್ ಅಂಗಡಿಯವರು ಟ್ರಯಲ್‌ಗೆ ಅದೇ ಸಂಜೆ ಏಳು ಗಂಟೆ ಹೇಳಿದರೆ ಮಧ್ಯಾಹ್ನಕ್ಕೆ ಬದಲಾಯಿಸಿಕೊಳ್ಳಿ.