ನುಗ್ಗಿ ಹೋಗಿ ಓಡಿ ಬಂದವರು: ಮೂರು ದಾರಿ ಬರೆದು ನೋಡಿದೆ

ಮೊದಲೇ ಹೇಳಿಬಿಡುತ್ತೇನೆ: ದಾಳಿಗೆ ನುಗ್ಗಿ ಹೆದರಿ ಓಡಿ ಬರುವ ದೃಶ್ಯವನ್ನು ಕಥೆಯಲ್ಲಿ ಬರೆಯುವ ಮೂರು ದಾರಿಗಳಲ್ಲಿ ನನ್ನ ಓಟು ಉತ್ತರಕುಮಾರನ ಓಟಕ್ಕೆ. ಉಳಿದೆರಡನ್ನೂ ಮನಸ್ಸಿಟ್ಟೇ ಬರೆದು ನೋಡಿದೆ. ಆದರೆ ತಕ್ಕಡಿ ಶುರುವಿನಿಂದಲೂ ಒಂದು ಕಡೆ ವಾಲಿತ್ತು, ಅದನ್ನು ಮುಚ್ಚಿಡುವುದಿಲ್ಲ.

ಕಳೆದ ವರ್ಷ ಒಂದು ಸ್ಪರ್ಧೆಗೆ ಕಥೆ ಬರೆದೆ. ಮುನ್ನೂರು ಸೈನಿಕರು ಕೋಟೆಗೆ ಏರಿ ಹೋಗುತ್ತಾರೆ, ಕಾಲು ಗಂಟೆಯಲ್ಲಿ ಬಿದ್ದೆನೋ ಎದ್ದೆನೋ ಅಂತ ಓಡಿ ಬರುತ್ತಾರೆ. ಪದಮಿತಿ 2,500. ನಾನು ಕಹಳೆ, ಧೂಳು, ಕತ್ತಿಯ ಹೊಳಪು ಅಂತ ದಾಳಿಗೇ 1,100 ಪದ ಸುರಿದೆ. ಹಿಮ್ಮೆಟ್ಟುವುದಕ್ಕೆ ಉಳಿದದ್ದು ಒಂದೇ ಸಾಲು: "ಎಲ್ಲರೂ ತಿರುಗಿ ಓಡಿದರು." ಕಥೆಯೂ ತಿರುಗಿ ಬಂತು, ಆ ಸೈನಿಕರಿಗಿಂತ ಬೇಗ.

ಓದಿದ ಗೆಳೆಯ ಒಂದೇ ಪ್ರಶ್ನೆ ಕೇಳಿದ. "ಮುಂದಿನವರು ಹೆದರಿದರು, ಸರಿ. ಹಿಂದಿನ ಸಾಲಿನವನಿಗೆ ಯಾರು ಹೇಳಿದ್ದು?"

ಆಮೇಲೆ ಅದೇ ದೃಶ್ಯವನ್ನು ಮೂರು ರೀತಿಯಲ್ಲಿ ಬರೆದೆ. ಒಂದಕ್ಕೆ ಮಾದರಿ ಮಹಾಭಾರತದ ವಿರಾಟಪರ್ವದ ಉತ್ತರಕುಮಾರ. ಇನ್ನೊಂದಕ್ಕೆ ಟಾಲ್‌ಸ್ಟಾಯ್‌ರ ‘ಯುದ್ಧ ಮತ್ತು ಶಾಂತಿ’ಯ ನಿಕೊಲಾಯ್ ರೊಸ್ತೋವ್. ಮೂರನೆಯದಕ್ಕೆ 1986ರ ‘ಏಲಿಯನ್ಸ್’ ಸಿನಿಮಾದಲ್ಲಿ ಅನ್ಯಗ್ರಹದ ಜೀವಿಗಳನ್ನು ಎದುರಿಸಲು ಹೋದ ಸೈನಿಕರ ತುಕಡಿ.

ಗೆಳೆಯನ ಪ್ರಶ್ನೆಯಿಂದಲೇ ಶುರುಮಾಡುತ್ತೇನೆ, ಯಾಕೆಂದರೆ ನನ್ನ ಮೂರು ತಿಂಗಳು ತಿಂದದ್ದು ಅದೇ. ನುಗ್ಗುವ ಪಡೆಯಲ್ಲಿ ಶತ್ರು ಕಾಣಿಸುವುದು ಮೊದಲ ಸಾಲಿಗೆ ಮಾತ್ರ. ಹಿಂದಿನವನಿಗೆ ಕಾಣುವುದು ಮುಂದಿನವನ ಬೆನ್ನು. ಅವನು ಇನ್ನೂ ಜೈಕಾರ ಕೂಗುತ್ತಾ ತಳ್ಳುತ್ತಿರುತ್ತಾನೆ. ಮುಂದಿನವನು ತಿರುಗಿದರೆ ಓಡುವುದು ಎಲ್ಲಿಗೆ? ತನ್ನವನದೇ ಎದೆಗೆ ಢಿಕ್ಕಿ. ನನ್ನ ಮೊದಲ ಕರಡಿನಲ್ಲಿ ಮುನ್ನೂರು ಜನ ಒಂದೇ ಏಟಿಗೆ, ಕವಾಯತು ಮಾಡಿದ ಹಾಗೆ, ತಿರುಗಿಬಿಟ್ಟಿದ್ದರು.

ಕಹಳೆ ಊದಿಸಿದರಾಯಿತು ಅಂದುಕೊಂಡೆ. ಆದರೆ ಗದ್ದಲದಲ್ಲಿ ಕಹಳೆ ಕೇಳಬೇಕಲ್ಲ. 1815ರ ವಾಟರ್ಲೂನಲ್ಲಿ ಬ್ರಿಟಿಷರ ಭಾರಿ ಕುದುರೆಪಡೆ ಚೆನ್ನಾಗಿಯೇ ನುಗ್ಗಿತು. ಆದರೆ ವಾಪಸ್ ಬರುವ ಸೂಚನೆಗೆ ಕಿವಿಗೊಡದೆ ಮುಂದೆ ಮುಂದೆ ಹೋಗಿ, ಕುದುರೆಗಳು ದಣಿದ ಹೊತ್ತಿಗೆ ಫ್ರೆಂಚ್ ಭರ್ಜಿ ಸವಾರರ ಕೈಗೆ ಸಿಕ್ಕಿತು. ‘ಏಲಿಯನ್ಸ್’ನಲ್ಲಿ ಇದೇ ತೊಡಕನ್ನು ಎಷ್ಟು ಚೆನ್ನಾಗಿ ಬಳಸಿಕೊಂಡಿದ್ದಾರೆ ನೋಡಿ. ಲೆಫ್ಟಿನೆಂಟ್ ಹೊರಗೆ ವಾಹನದಲ್ಲಿ ಪರದೆಗಳ ಮುಂದೆ ಕೂತಿದ್ದಾನೆ. ಒಳಗೆ ಬೆಂಕಿ, ಕಿರುಚಾಟ. ಅವನು ರೇಡಿಯೋದಲ್ಲಿ ಹಿಂದೆ ಸರಿಯಲು ಹೇಳುತ್ತಾನೆ. ಸಾರ್ಜೆಂಟ್‌ಗೆ ಅರ್ಧ ಕೇಳುತ್ತದೆ, ಅರ್ಧ ಕೇಳುವುದಿಲ್ಲ. ಇನ್ನೊಮ್ಮೆ ಹೇಳಿ ಅನ್ನುತ್ತಾನೆ. ಅಷ್ಟರಲ್ಲಿ ಸಾರ್ಜೆಂಟೇ ಇಲ್ಲ.

ಇದಕ್ಕೆ ಬೇರೆ ಉಪಾಯ ಸಿಕ್ಕಿದ್ದು ಕಥೆಯಲ್ಲಲ್ಲ, ಇತಿಹಾಸದಲ್ಲಿ. 1658ರ ಸಮೂಗಢ ಯುದ್ಧದಲ್ಲಿ ಮೊಘಲ ರಾಜಕುಮಾರ ದಾರಾ ಶಿಕೋ ಆನೆಯಿಂದ ಇಳಿದು ಕುದುರೆ ಹತ್ತಿದ. ಅವನ ಸೈನ್ಯಕ್ಕೆ ಕಂಡದ್ದು ಖಾಲಿ ಅಂಬಾರಿ. ದೊರೆ ಹೋದ ಅಂದುಕೊಂಡು ಪಡೆ ಚೆದುರಿತು. ಯಾರೂ ಯಾರಿಗೂ ಏನೂ ಹೇಳಬೇಕಾಗಲಿಲ್ಲ. ಎಲ್ಲರ ತಲೆಗಿಂತ ಎತ್ತರದಲ್ಲಿ ಒಂದು ವಸ್ತು, ಅದು ಇದ್ದಕ್ಕಿದ್ದ ಹಾಗೆ ಖಾಲಿ. ಓದಿ ಎದ್ದು ಎರಡು ಸುತ್ತು ಹೊಡೆದೆ.

ಈಗ ಮೂರರ ಲೆಕ್ಕ. ‘ಏಲಿಯನ್ಸ್’ ದಾರಿಯ ಬಲ ಇರುವುದು ತಯಾರಿಯಲ್ಲಿ. ಅಲ್ಲಿ ಗುಂಡು ಹಾರಿಸಿದರೆ ಸ್ಥಾವರದ ತಂಪು ಮಾಡುವ ವ್ಯವಸ್ಥೆಗೇ ಪೆಟ್ಟು ಬೀಳಬಹುದು ಅಂತ ಸೈನಿಕರಿಂದ ಮೊದಲೇ ಗುಂಡು ವಾಪಸ್ ಪಡೆಯುತ್ತಾರೆ. ಸೋಲು ಅಲ್ಲೇ ಅರ್ಧ ಬರೆದಾಗಿದೆ. ನೋಡುವವರ ಹೊಟ್ಟೆಯಲ್ಲಿ ಕಲಮಲ ಶುರು. ನಾನೂ ಹಾಗೇ ಮಾಡಹೋದೆ: ಮದ್ದು ಒದ್ದೆಯಾಯಿತು, ಏಣಿ ಗಿಡ್ಡವಾಯಿತು. ಆದರೆ ಇದಕ್ಕೆ ಹತ್ತು ಹನ್ನೆರಡು ಪಾತ್ರ ಬೇಕು. ಒಬ್ಬೊಬ್ಬರ ಹೆಸರೂ ಮುಖವೂ ಓದುಗರಿಗೆ ಗೊತ್ತಿರಬೇಕು, ಇಲ್ಲದಿದ್ದರೆ ಸತ್ತವರು ಬರೀ ಸಂಖ್ಯೆ. 2,500 ಪದದಲ್ಲಿ ಹೆಸರಿಡುವುದಕ್ಕೇ ಜಾಗ ಮುಗಿಯಿತು.

ರೊಸ್ತೋವ್ ದಾರಿ ಬೇರೆ ತರಹ. 1805, ಷೋನ್‌ಗ್ರಾಬರ್ನ್ ಕಾಳಗ, ರಷ್ಯನ್ನರಿಗೂ ಫ್ರೆಂಚರಿಗೂ. ಹುಡುಗ ಖುಷಿಯಲ್ಲೇ ಕುದುರೆ ಓಡಿಸುತ್ತಾನೆ. ಕುದುರೆ ಬೀಳುತ್ತದೆ, ಎಡಗೈ ಜೋಮು. ಯಾರೋ ಓಡಿ ಬರುತ್ತಿದ್ದಾರೆ. ಸಹಾಯಕ್ಕೆ ಅಂದುಕೊಳ್ಳುತ್ತಾನೆ. ಅಲ್ಲ, ಫ್ರೆಂಚರು. ಎಲ್ಲರಿಗೂ ಅಚ್ಚುಮೆಚ್ಚಿನವನಾದ ನನ್ನನ್ನೇ ಕೊಲ್ಲಲು ಬರುತ್ತಿದ್ದಾರಾ ಅಂತ ಅವನಿಗೆ ನಂಬಿಕೆಯೇ ಬರುವುದಿಲ್ಲ. ಕೈಯಲ್ಲಿ ಪಿಸ್ತೂಲು ಇದೆ. ಅದನ್ನು ಹಾರಿಸುವುದಿಲ್ಲ, ಕಲ್ಲು ಬೀಸಿದ ಹಾಗೆ ಅವರ ಕಡೆ ಎಸೆದು ಪೊದೆಗಳತ್ತ ಓಡುತ್ತಾನೆ. ಆ ಎಸೆತವೊಂದಕ್ಕೆ ನನ್ನ 1,100 ಪದ ಕೊಟ್ಟುಬಿಡುತ್ತೇನೆ. ಮುಂದೆ ಗೆಳೆಯರ ಮುಂದೆ ಇದನ್ನು ಹೇಳುವಾಗ, ನಿಜ ಹೇಳಬೇಕು ಅಂತಲೇ ಶುರುಮಾಡಿ, ತನಗೇ ಗೊತ್ತಿಲ್ಲದೆ ವೀರಗಾಥೆಗೆ ಜಾರುತ್ತಾನೆ. ನಾವೂ ಎಷ್ಟು ಸಲ ಹಾಗೆ ಜಾರಿದ್ದೇವೆ, ಅಲ್ವಾ?

ಈ ದಾರಿಯಲ್ಲಿ ಗೆಳೆಯನ ಪ್ರಶ್ನೆಯೇ ಏಳುವುದಿಲ್ಲ. ಒಬ್ಬನ ಕಣ್ಣಿಗೆ ಕಂಡಷ್ಟೇ ಯುದ್ಧ. ನಾನು ಬರೆದಾಗ ಮಾತ್ರ ಸಪ್ಪೆಯಾಯಿತು. ಮನಸ್ಸಿನೊಳಗೆ ಇಷ್ಟು ಹೊತ್ತು ಕೂರುವ ಅಭ್ಯಾಸ ನನಗಿಲ್ಲ. ನನ್ನ ಪಾತ್ರಗಳು ಬಾಯಿ ಬಿಟ್ಟರೇ ಬದುಕುತ್ತವೆ.

ಇನ್ನು ಉತ್ತರಕುಮಾರ. ‘ಉತ್ತರನ ಪೌರುಷ ಒಲೆ ಮುಂದೆ’ ಅಂತ ಗಾದೆಯನ್ನೇ ಗಳಿಸಿದವನು. ಅಂತಃಪುರದಲ್ಲಿ ಸಾರಥಿಯೊಬ್ಬ ಸಿಕ್ಕಿದ್ದರೆ ನೋಡುತ್ತಿದ್ದಿರಿ ಅಂತ ಕೊಚ್ಚಿಕೊಳ್ಳುತ್ತಾನೆ. ಸಾರಥಿ ಸಿಕ್ಕೇಬಿಡುತ್ತಾನೆ, ಬೃಹನ್ನಳೆಯ ವೇಷದಲ್ಲಿ. ಹುಡುಗಿಯರು ಗೊಂಬೆಗಳಿಗೆ ಕೌರವರ ಬಣ್ಣದ ಬಟ್ಟೆ ತರಲು ಹೇಳಿ ಕಳಿಸುತ್ತಾರೆ. ಸೈನ್ಯ ಕಂಡದ್ದೇ ತಡ, ರಥದಿಂದ ಹಾರಿ ಓಟ. ಹಿಂದೆ ಜಡೆ ಹಾರಿಸಿಕೊಂಡು ಬೃಹನ್ನಳೆ. ನೋಡಿ ಕೌರವ ಸೈನಿಕರಿಗೇ ನಗು. ವ್ಯಾಸರ ಮೂಲದಲ್ಲಿ ನೂರು ಹೆಜ್ಜೆಗೆ ಕೂದಲು ಹಿಡಿದು ನಿಲ್ಲಿಸುತ್ತಾನೆ. ಚಿನ್ನ ಕೊಡುತ್ತೇನೆ, ಆನೆ ಕೊಡುತ್ತೇನೆ, ಬಿಟ್ಟುಬಿಡು ಅಂತ ಉತ್ತರನ ಚೌಕಾಸಿ.

ಸೈನ್ಯವೇ ಬೇಡ, ಇಬ್ಬರು ಸಾಕು. ಅದಕ್ಕಿಂತ ದೊಡ್ಡ ಲಾಭ ಇನ್ನೊಂದಿದೆ. ಆ ಓಟ ನೋಡುತ್ತಲೇ ಕೌರವರಿಗೆ ಅನುಮಾನ: ಬೆನ್ನಟ್ಟಿದವನ ಮೈಕಟ್ಟು ಅರ್ಜುನನದಲ್ಲವೇ? ಅಂದರೆ ಅಂಜುಬುರುಕನ ಓಟವೇ ವೀರನನ್ನು ತೋರಿಸಿಕೊಡುತ್ತದೆ. ಉಳಿದೆರಡರಲ್ಲಿ ಹಿಮ್ಮೆಟ್ಟಿದ ಮೇಲೆ ಕಥೆ ಉಸಿರು ತೆಗೆದುಕೊಳ್ಳುತ್ತದೆ. ಇಲ್ಲಿ ಓಡುತ್ತಿರುವಾಗಲೇ ಮುಂದಕ್ಕೆ ಹೋಗುತ್ತದೆ.

ಶತ್ರು ಎಷ್ಟು ಜನ ಇರಬೇಕು? ಕಮ್ಮಿಯೇ ಚೆಂದ. 1977ರ ‘ಸ್ಟಾರ್ ವಾರ್ಸ್’ನಲ್ಲಿ ಹಾನ್ ಸೋಲೊ ಕೂಗುತ್ತಾ ಶತ್ರು ಸೈನಿಕರನ್ನು ಅಟ್ಟಿಸಿಕೊಂಡು ಹೋಗಿ ಅಷ್ಟೇ ಜೋರಾಗಿ ವಾಪಸ್ ಓಡಿ ಬರುತ್ತಾನೆ. 1997ರ ಆವೃತ್ತಿಯಲ್ಲಿ ಎದುರಿಗೆ ದಂಡುಗಟ್ಟಲೆ ಸೈನಿಕರನ್ನು ತುಂಬಿದರು. ನನಗೆ ಹಳೆಯದೇ ಇಷ್ಟ. ಬೇಕಂತಲೇ ಓಡಿ ಬಲೆಗೆ ಬೀಳಿಸುವ ಸುಳ್ಳು ಓಟವನ್ನು ಲೆಕ್ಕಕ್ಕೇ ತೆಗೆದುಕೊಂಡಿಲ್ಲ. ಅದು ಸೋಲಲ್ಲ, ಜಾಣತನ.

ದೊಡ್ಡ ಕಾದಂಬರಿ ಬರೆಯುವವರು ರೊಸ್ತೋವ್ ಹಿಂದೆ ಹೋಗಿ. ನನ್ನ ಹಾಗೆ ಪದ ಎಣಿಸಿ ಬರೆಯುವವರಿಗೆ, ಮಾತಿನ ಚಟ ಇರುವವರಿಗೆ, ಉತ್ತರನೇ ಸರಿ. ನನ್ನ ಕಥೆಯಲ್ಲಿ ಈಗ ಮುನ್ನೂರು ಜನರ ಮುಖ ಇಲ್ಲ. ಕೊನೆಯ ಸಾಲಿನಲ್ಲಿ ಒಬ್ಬ ಮುದುಕ ಕುದುರೆಯಾಳು. ಅವನಿಗೆ ಕಾಣುವುದು ತಲೆಗಳ ಮೇಲಿನ ಬಾವುಟ ಮಾತ್ರ. ಅದು ದೂರ ಹೋಗುತ್ತಾ ಚಿಕ್ಕದಾಗುತ್ತದೆ. ಆಮೇಲೆ ನಿಲ್ಲುತ್ತದೆ. ಆಮೇಲೆ ದೊಡ್ಡದಾಗತೊಡಗುತ್ತದೆ. ಬಾವುಟದ ಹುಡುಗ ಹತ್ತಿರ ಬಂದಾಗ ಮುದುಕ ಅವನ ಕೊರಳಪಟ್ಟಿ ಹಿಡಿಯುತ್ತಾನೆ, ಮಾತು ಶುರುವಾಗುತ್ತದೆ. ಒಟ್ಟು 1,900 ಪದ.

ಗೆಳೆಯನಿಗೆ ಕಳಿಸಿದೆ. "ಹಿಂದಿನವನಿಗೆ ಹೇಗೆ ಗೊತ್ತಾಯಿತು ಅನ್ನೋದು ಸರಿಹೋಯ್ತು" ಅಂದ. "ಆದರೆ ಅಷ್ಟು ಹೆದರಿದವನು ಆ ಭಾರದ ಬಾವುಟ ಯಾಕೆ ಹೊತ್ಕೊಂಡು ಓಡ್ತಾನೆ? ಮೊದಲು ಅದನ್ನೇ ಬಿಸಾಡಲ್ವಾ?"

ಪಿಸ್ತೂಲು ಎಸೆದವನು ನೆನಪಾದ. ಕರಡು ಮತ್ತೆ ತೆರೆದಿದ್ದೇನೆ.