ಹಳೇ ಬೆಳ್ಳಿಗೆ ಯಾವ ಡಿಟೆಕ್ಟರ್? ಏಸ್, ಸಿಂಪ್ಲೆಕ್ಸ್, ಈಕ್ವಿನಾಕ್ಸ್ ಮೂರನ್ನೂ ಆಡಿಸಿ ನೋಡಿದೆ

ಮೆಟಲ್ ಡಿಟೆಕ್ಟರ್ ಕೊಳ್ಳಲು ಹೊರಟವರು ಮೊದಲು ಕೇಳುವುದು ಒಂದೇ ಪ್ರಶ್ನೆ: "ಎಷ್ಟು ಆಳ ಹೋಗತ್ತೆ?" ಹಳೇ ನಾಣ್ಯ, ಬೆಳ್ಳಿ ಒಡವೆ ಬೇಕಿದ್ದವರಿಗೆ ನನ್ನ ಪ್ರಕಾರ ಅದು ಎರಡನೇ ಪ್ರಶ್ನೆ. ಮೊದಲನೆಯದು, "ತುಕ್ಕು ಹಿಡಿದ ಮೊಳೆ ಪಕ್ಕದಲ್ಲೇ ಬಿದ್ದಿದ್ದರೂ ಬೆಳ್ಳಿಯನ್ನು ಗುರುತು ಹಿಡಿಯತ್ತಾ?" ಜನ ಓಡಾಡಿದ ಕಡೆಯೇ ನಾಣ್ಯ ಬೀಳುವುದು. ಅಲ್ಲೇ ಮೊಳೆ, ಲಾಳ, ಬೇಲಿ ತಂತಿಯೂ ರಾಶಿ ಬಿದ್ದಿರುತ್ತವೆ.

ನಾನಿರುವುದು ಇಂಗ್ಲೆಂಡಿನ ಪೂರ್ವದ ಸಫೋಕ್‌ನಲ್ಲಿ. ಡಿಟೆಕ್ಟರ್ ಹವ್ಯಾಸಕ್ಕೆ ಇಷ್ಟು ಒಳ್ಳೆ ನೆಲ ಕಡಿಮೆ. ರೋಮನ್ನರಿಂದ ಹಿಡಿದು ವಿಕ್ಟೋರಿಯಾ ರಾಣಿಯ ಕಾಲದವರೆಗೆ ಜನ ಉತ್ತು ಬಿತ್ತಿದ ಹೊಲಗಳು. ಇಲ್ಲಿ ನಾನು ಆಡಿಸಿದ್ದು ಮೂರು ಯಂತ್ರ: ಅಮೆರಿಕದ ಗ್ಯಾರೆಟ್ ಏಸ್ 300ಐ, ಟರ್ಕಿಯ ನೋಕ್ಟಾ ಸಿಂಪ್ಲೆಕ್ಸ್ ಪ್ಲಸ್, ಆಸ್ಟ್ರೇಲಿಯಾದ ಮೈನ್‌ಲ್ಯಾಬ್ ಈಕ್ವಿನಾಕ್ಸ್ 800. ಏಸ್ ಕೆಲಸ ಮಾಡುವುದು 8 ಕಿಲೋಹರ್ಟ್ಸ್ ಫ್ರೀಕ್ವೆನ್ಸಿಯಲ್ಲಿ, ಅಂದರೆ ಅದು ಕಳಿಸುವ ಅಲೆ ಸೆಕೆಂಡಿಗೆ 8 ಸಾವಿರ ಸಲ ಏರಿಳಿಯುತ್ತದೆ. ಸಿಂಪ್ಲೆಕ್ಸ್ 12ರಲ್ಲಿ. ಈಕ್ವಿನಾಕ್ಸ್ ಹಲವು ಫ್ರೀಕ್ವೆನ್ಸಿಗಳನ್ನು ಒಟ್ಟಿಗೇ ಕಳಿಸುತ್ತದೆ. ಮೊದಲೆರಡರ ಬೆಲೆ ಹೆಚ್ಚುಕಮ್ಮಿ ಒಂದೇ ಆಗಿತ್ತು. ಮೂರನೆಯದು ಹೊಸದಾಗಿದ್ದಾಗ ಅವುಗಳ ಸುಮಾರು ಮೂರು ಪಟ್ಟು. ಈಗ ಹೊಸ ಮಾದರಿಗಳು ಬಂದಿರುವುದರಿಂದ ಸೆಕೆಂಡ್ ಹ್ಯಾಂಡ್‌ನಲ್ಲಿ ಇಳಿದಿದೆ.

ಯಂತ್ರ ಏನು ನೋಡುತ್ತೆ ಅನ್ನುವುದನ್ನು ಎರಡು ಮಾತಿನಲ್ಲಿ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಮುಂದಿನದು ಅರ್ಥ ಆಗುವುದಿಲ್ಲ. ಕೆಳಗಿನ ಬಳೆಯಾಕಾರದ ಕಾಯಿಲ್ ನೆಲದೊಳಕ್ಕೆ ಬದಲಾಗುತ್ತಿರುವ ಕಾಂತಕ್ಷೇತ್ರ ಬಿಡುತ್ತದೆ. ಅದು ತಗುಲಿದ ಲೋಹದಲ್ಲಿ ಸಣ್ಣ ಕರೆಂಟು ಸುತ್ತಲು ಶುರುವಾಗುತ್ತದೆ. ಆ ಸುತ್ತಿನಿಂದ ಮರಳಿ ಬರುವ ಸಿಗ್ನಲ್ ಎಷ್ಟು ತಡವಾಗಿ ಬಂತು ಅಂತ ನೋಡಿ ಯಂತ್ರ ಒಂದು ಸಂಖ್ಯೆ ತೋರಿಸುತ್ತದೆ. ಬೆಳ್ಳಿಯಲ್ಲಿ ಕರೆಂಟು ಸಲೀಸಾಗಿ ಹರಿಯುತ್ತದೆ, ಹಾಗಾಗಿ ಸಂಖ್ಯೆ ಮೇಲಿರುತ್ತದೆ. ಕಬ್ಬಿಣದ್ದು ಕೆಳಗೆ. ಚಾಕೊಲೇಟ್ ಫಾಯಿಲ್, ಕೋಲಾ ಡಬ್ಬಿಯ ರಿಂಗ್, ಚಿನ್ನದ ಉಂಗುರ ಎಲ್ಲ ನಡುವೆ ಕಲಸಿಕೊಂಡಿರುತ್ತವೆ.

ಮೊದಲ ಪರೀಕ್ಷೆ ಹಿತ್ತಲಲ್ಲಿ. ಒಂದು ಯಂತ್ರ ಆಡಿಸುವಾಗ ಉಳಿದೆರಡನ್ನು ಆಫ್ ಮಾಡಿ ಇಡಬೇಕು. ಇಲ್ಲದಿದ್ದರೆ ಒಂದಕ್ಕೊಂದು ಅಡ್ಡ ಬಂದು ಸುಮ್ನೆ ಕಿರುಚುತ್ತವೆ. ಮಣ್ಣಿಗೆ ಹಾಕಲು ತೆಗೆದುಕೊಂಡದ್ದು ಊರಿಂದ ತಂದ ಅಜ್ಜಿಯ ಐದನೇ ಜಾರ್ಜ್ ರೂಪಾಯಿ, ವಿಕ್ಟೋರಿಯಾ ಕಾಲದ ಪುಟ್ಟ ಮೂರು ಪೆನ್ನಿ ಬೆಳ್ಳಿ ನಾಣ್ಯ, ನನ್ನದೊಂದು ಬೆಳ್ಳಿ ಉಂಗುರ, ಮತ್ತೆ ಮನೆಯವಳ ಕಾಲುಂಗುರ, ಗೆಜ್ಜೆ. "ರೀ, ಕಳೆದು ಹಾಕಿದ್ರೆ ನೋಡಿ, ನಾಳೆನೇ ಹೊಸ ಜೊತೆ ತರಬೇಕು" ಅಂತ ಎಚ್ಚರಿಕೆ ಕೊಟ್ಟೇ ಕೊಟ್ಟಳು. ಬಿಳಿ ದಾರ ಕಟ್ಟಿ ಹೂತೆ.

ರೂಪಾಯಿಗೆ ಮೂರೂ ಕೂಗಿದವು. 11.66 ಗ್ರಾಂ, ನೂರಕ್ಕೆ ಸುಮಾರು 92 ಪಾಲು ಬೆಳ್ಳಿ. ಇದನ್ನು ತಪ್ಪಿಸುವ ಡಿಟೆಕ್ಟರ್ ಕೊಳ್ಳುವುದೇ ಬೇಡ. ಒಂದೂವರೆ ಗ್ರಾಂ ಕೂಡ ತೂಗದ ಮೂರು ಪೆನ್ನಿಗೆ, ನಾಲ್ಕೈದು ಇಂಚು ಆಳದಲ್ಲಿ, ಏಸ್ ದನಿ ಸಣ್ಣದಾಯಿತು. ಉಳಿದೆರಡು ಸ್ಪಷ್ಟ.

ಮಜಾ ಬಂದಿದ್ದು ಕಾಲುಂಗುರದಲ್ಲಿ. ಬೆರಳಿಗೆ ಸಡಿಲ ಬಿಗಿ ಮಾಡಿಕೊಳ್ಳಲು ಅದರ ತುದಿ ಬಿಟ್ಟಿರುತ್ತಾರಲ್ವಾ? ಆ ಸಣ್ಣ ಸಂದು ಸಾಕು, ಮೂರೂ ಯಂತ್ರಗಳು ಅದನ್ನು ಫಾಯಿಲ್ ಚೂರು ಅಂದುಕೊಂಡವು. ಕರೆಂಟು ಉಂಗುರದ ಸುತ್ತ ಪೂರ್ತಿ ಓಡಬೇಕು. ಸಂದು ಇದ್ದರೆ ಓಡಲು ದಾರಿ ಇಲ್ಲ. ತುದಿಗಳನ್ನು ಒತ್ತಿ ತಾಗಿಸಿದರೂ ಸಂಖ್ಯೆ ಹೆಚ್ಚೇನೂ ಏರಲಿಲ್ಲ. ಪಕ್ಕದಲ್ಲಿ ನನ್ನ ಬೆಸೆದ ಉಂಗುರ ಇಟ್ಟರೆ ಸಂಖ್ಯೆ ಜಿಗಿದು ನಾಣ್ಯದ ಸಾಲಿಗೆ ಹೋಯಿತು. ಲೋಹ ಒಂದೇ, ತೂಕ ಹತ್ತಿರ ಹತ್ತಿರ, ಉತ್ತರ ಬೇರೆ. ಗೆಜ್ಜೆಯ ಕಥೆ ಇನ್ನೂ ಕಷ್ಟ. ಯಂತ್ರಕ್ಕೆ ಸರಪಳಿ ಒಂದೇ ವಸ್ತುವಾಗಿ ಕಾಣುವುದಿಲ್ಲ, ಒಂದೊಂದು ಕೊಂಡಿಯಾಗಿ ಕಾಣುತ್ತದೆ. ಅಷ್ಟುದ್ದದ ಬೆಳ್ಳಿಗೆ ಬಂದ ಸಿಗ್ನಲ್ ಅದರ ಕೊಕ್ಕೆಯದ್ದು ಮಾತ್ರ. ಹಾಗಾಗಿ ಒಡವೆ ಬೇಕಿದ್ದವರು ಯಾವ ಯಂತ್ರ ಕೊಂಡರೂ ಕೆಳಗಿನ ಸಂಖ್ಯೆಗಳನ್ನೂ ಅಗೆಯಬೇಕು. ಏಸ್‌ನಲ್ಲಿ 'ನಾಣ್ಯ' ಅನ್ನುವ ಮೋಡ್ ಇದೆ, ಫಾಯಿಲ್‌ನಂಥ ಕೆಳಗಿನ ಸಂಖ್ಯೆಗಳಿಗೆ ಅದು ಕೂಗುವುದಿಲ್ಲ. ಅದನ್ನು ಒತ್ತಿಕೊಂಡು ಆರಾಮಾಗಿ ನಡೆದರೆ ಇಂಥ ಉಂಗುರಗಳ ಮೇಲೆ ಕಾಯಿಲ್ ಹಾದರೂ ಗೊತ್ತೇ ಆಗುವುದಿಲ್ಲ.

ಆಮೇಲೆ ಮೊಳೆ. ಮೂರು ಪೆನ್ನಿಯಿಂದ ಎರಡು ಇಂಚು ದೂರದಲ್ಲಿ ಒಂದು ತುಕ್ಕು ಮೊಳೆ ಇಟ್ಟೆ. ಸಂತೆಯಲ್ಲಿ ಒಬ್ಬ ಗಂಟಲು ಹರಿಯುವಂತೆ ಕೂಗುತ್ತಿದ್ದರೆ ಪಕ್ಕದವನ ಮಾತು ಕೇಳಿಸುವುದಿಲ್ಲವಲ್ಲ, ಹಾಗಾಯಿತು ಏಸ್‌ಗೆ. ಅದರ ಕಾಯಿಲ್ ಕಾನ್ಸೆಂಟ್ರಿಕ್ ಅನ್ನುವ ಬಗೆಯದು. ಕ್ಷೇತ್ರ ಕೋನಾಕಾರದಲ್ಲಿ ಇಳಿಯುತ್ತದೆ. ವಸ್ತು ಎಲ್ಲಿದೆ ಅಂತ ಕರಾರುವಾಕ್ಕಾಗಿ ತೋರಿಸಲು ಒಳ್ಳೆಯದು, ಎರಡನ್ನು ಬೇರ್ಪಡಿಸಲು ಅಲ್ಲ. ಉಳಿದೆರಡರ ಕಾಯಿಲ್ ಡಬಲ್ ಡಿ. ಅದರ ಕ್ಷೇತ್ರ ನಡುವೆ ತೆಳ್ಳಗಿನ ಪಟ್ಟಿಯಂತೆ ಇಳಿಯುತ್ತದೆ. ಸಿಂಪ್ಲೆಕ್ಸ್ ಒಂದು ದಿಕ್ಕಿನಿಂದ ಮೊಳೆ ಅಂದಿತು, ಅಡ್ಡ ದಿಕ್ಕಿನಿಂದ ಆಡಿಸಿದಾಗ ಬೆಳ್ಳಿ ಅಂದಿತು. ಈಕ್ವಿನಾಕ್ಸ್‌ನಲ್ಲಿ ರಿಕವರಿ ಸ್ಪೀಡ್ ಅಂತ 1ರಿಂದ 8ರವರೆಗೆ ಒಂದು ಸೆಟ್ಟಿಂಗ್ ಇದೆ. ಒಂದು ಸಿಗ್ನಲ್ ಮುಗಿಸಿ ಇನ್ನೊಂದಕ್ಕೆ ಎಷ್ಟು ಬೇಗ ತಯಾರಾಗಬೇಕು ಅನ್ನುವುದು. 6ಕ್ಕೆ ಇಟ್ಟು ನಿಧಾನ ಆಡಿಸಿದರೆ ಮೊಳೆಯ ಗೊರಗೊರ ದನಿ, ಅದಕ್ಕೆ ಅಂಟಿಕೊಂಡೇ ಒಂದು ಚಿಕ್ಕ, ಚೊಕ್ಕ 'ಟಿಣ್'. ಎರಡು ದಿಕ್ಕಿನಿಂದಲೂ.

ಹಿತ್ತಲ ಪರೀಕ್ಷೆಗೆ ಒಂದು ಕೊರತೆ ಇದೆ. ಹೊಸದಾಗಿ ಹೂತ ವಸ್ತು, ನೂರಾರು ವರ್ಷ ಮಣ್ಣಲ್ಲಿದ್ದದ್ದು ಎರಡೂ ಒಂದೇ ಥರ ಕೇಳುವುದಿಲ್ಲ. ಅದಕ್ಕೇ ಹೊಲಕ್ಕೆ ಹೋದಾಗ ನಾನು ಮಾಡಿದ್ದು ಇಷ್ಟು: ಸಿಗ್ನಲ್ ಸಿಕ್ಕ ಕೂಡಲೇ ಅಗೆಯದೆ ಒಂದು ಕಡ್ಡಿ ನೆಟ್ಟು, ಉಳಿದೆರಡು ಯಂತ್ರಗಳನ್ನೂ ಅದರ ಮೇಲೆ ಆಡಿಸಿ, ಆಮೇಲೆ ಸಲಿಕೆ ಹಾಕುವುದು. ತಾಳ್ಮೆ ಬೇಕು, ನಿಜ. ಆದರೆ ಹೋಲಿಕೆ ಅಂದರೆ ಇದೇ.

ಹೊಲದ ಬಯಲು ಭಾಗದಲ್ಲಿ ಮೂರಕ್ಕೂ ಅಂಥ ವ್ಯತ್ಯಾಸ ಇಲ್ಲ. ಕಬ್ಬಿಣ ಕಡಿಮೆ, ಮಣ್ಣೂ ಸುಳ್ಳು ದನಿ ಎಬ್ಬಿಸುವಂಥದ್ದಲ್ಲ. ವಿಕ್ಟೋರಿಯಾ ಕಾಲದ ಒಂದು ಆರು ಪೆನ್ನಿಯನ್ನು ಏಸೇ ಹಿಡಿದುಕೊಟ್ಟಿತು. ಬಿಳಿಯಾಗಿ, ನಿನ್ನೆ ಬಿದ್ದ ಹಾಗಿತ್ತು. ಒಳ್ಳೆ ಬೆಳ್ಳಿ ತಾಮ್ರದಂತೆ ಹಸಿರು ಹಿಡಿದು ಸವೆಯುವುದಿಲ್ಲ. ಕೈಗೆ ಸಿಕ್ಕ ಇಂಗ್ಲಿಷ್ ನಾಣ್ಯದಲ್ಲಿ ಬೆಳ್ಳಿ ಎಷ್ಟು ಅಂತ ಇಸವಿ ನೋಡಿಯೇ ಹೇಳಬಹುದು: 1920ಕ್ಕೆ ಮೊದಲಿನದಾದರೆ 92.5 ಪಾಲು, 1920ರಿಂದ 1946ರವರೆಗೆ ಅರ್ಧ, 1947ರಿಂದ ಈಚೆಗೆ ಮಾಮೂಲಿ ನಾಣ್ಯಗಳಲ್ಲಿ ಇಲ್ಲವೇ ಇಲ್ಲ.

ಅದೇ ಹೊಲದ ಒಂದು ಮೂಲೆಯಲ್ಲಿ, ಹಳೇ ನಕ್ಷೆಯಲ್ಲಿ ಮನೆಯೊಂದರ ಗುರುತಿದೆ. ಈಗ ಅಲ್ಲಿ ಇಟ್ಟಿಗೆ ಚೂರು ಬಿಟ್ಟರೆ ಏನೂ ಇಲ್ಲ, ಮೊಳೆ ಮಾತ್ರ ಅಡಿಗಡಿಗೆ. ಅಲ್ಲಿ ಈಕ್ವಿನಾಕ್ಸ್‌ಗೆ ಒಂದು ಹರುಕು ಮುರುಕು ಸಿಗ್ನಲ್ ಸಿಕ್ಕಿತು, ಸಂಖ್ಯೆ 10, 12ರ ಆಸುಪಾಸು. ಕೋಲಾ ಡಬ್ಬಿಯ ರಿಂಗ್ ಕೂಡ ಹೀಗೇ ಕೇಳುತ್ತದೆ. ಕಡ್ಡಿ ನೆಟ್ಟೆ. ಸಿಂಪ್ಲೆಕ್ಸ್ ಒಂದು ಕೋನದಿಂದ ಮಾತ್ರ ತಡವರಿಸಿ ಏನೋ ಅಂದಿತು. ಏಸ್ ಕಬ್ಬಿಣ ಅಂತ ಮುಗಿಸಿತು. ಅಗೆದರೆ ಐದು ಇಂಚಿಗೆ ಮೊದಲು ಬಂದದ್ದು ಬಾಗಿದ ಮೊಳೆ. ಅದರ ಕೆಳಗಿನ ಹೆಂಟೆ ಬೆರಳಲ್ಲಿ ಒಡೆದಾಗ ಬೂದು ಬಣ್ಣದ ಅರ್ಧ ಹೋಳು, ಕಿರುಬೆರಳ ಉಗುರಿನಗಲ. ನೀರು ಚಿಮುಕಿಸಿ ನೋಡಿದೆ, ಉಜ್ಜಲಿಲ್ಲ. ಒಂದು ಬದಿ ಅಂಚಿನವರೆಗೂ ಚಾಚಿದ ಜೋಡಿ ಗೆರೆಯ ಶಿಲುಬೆ, ಮೂಲೆಗೆ ಮೂರು ಮೂರು ಚುಕ್ಕೆ.

ಅದು ಇಂಗ್ಲೆಂಡಿನ ದೊರೆ ಮೂರನೇ ಹೆನ್ರಿಯ ಕಾಲದ ಪೆನ್ನಿ, 1247ರ ನಂತರ ಅಚ್ಚಾದದ್ದು. ಶಿಲುಬೆಯನ್ನು ಅಂಚಿನವರೆಗೆ ಎಳೆದದ್ದು ಯಾಕೆ ಅಂದರೆ, ಆಗ ಜನ ನಾಣ್ಯದ ಅಂಚು ಕತ್ತರಿಸಿ ಬೆಳ್ಳಿ ಕದಿಯುತ್ತಿದ್ದರು. ಶಿಲುಬೆಯ ತುದಿ ಕಾಣದಿದ್ದರೆ ಕಳ್ಳತನ ಗೊತ್ತಾಗಬೇಕು. ಅರ್ಧ ಹೋಳು ಯಾಕೆ? ಚಿಲ್ಲರೆ ಇರಲಿಲ್ಲ. ಮೊದಲನೇ ಎಡ್ವರ್ಡ್ ದುಂಡು ಅರ್ಧ ಪೆನ್ನಿಗಳನ್ನು ವಾಡಿಕೆಗೆ ತರುವ ತನಕ, ಪೆನ್ನಿಯನ್ನೇ ಶಿಲುಬೆಯ ಗೆರೆ ಹಿಡಿದು ಎರಡಾಗಿ, ನಾಲ್ಕಾಗಿ ಕತ್ತರಿಸಿ ಕೊಡುತ್ತಿದ್ದರು. ಪೂರ್ತಿ ಪೆನ್ನಿಯೇ ಸುಮಾರು 1.4 ಗ್ರಾಂ. ಇದರ ತೂಕ ಅದರ ಅರ್ಧ. ಏಸ್ ಬಿಟ್ಟರೆ ಐದು ಇಂಚು ಆಳ ಉಳಿದೆರಡು ಯಂತ್ರಕ್ಕೆ ದೊಡ್ಡದಲ್ಲ. ಅಡ್ಡ ಬಂದದ್ದು ಮೇಲೆ ಮಲಗಿದ್ದ ಮೊಳೆ.

ಬೀಚಿನ ವಿಷಯ ಬೇಗ ಮುಗಿಯುತ್ತದೆ. ಒಣ ಮರಳಿನಲ್ಲಿ ಮೂರೂ ಸರಿ. ಅಲೆ ಬಂದು ಹೋಗುವ ಒದ್ದೆ ಮರಳಿನಲ್ಲಿ ಉಪ್ಪುನೀರೇ ಕರೆಂಟು ಹರಿಸುತ್ತದೆ. ಒಂದೇ ಫ್ರೀಕ್ವೆನ್ಸಿಯ ಯಂತ್ರಕ್ಕೆ ಸಮುದ್ರವೇ ಲೋಹದಂತೆ ಕಾಣುತ್ತದೆ. ಇದು ಕಂಪನಿಯ ತಪ್ಪಲ್ಲ, ಭೌತಶಾಸ್ತ್ರ. ಏಸ್‌ನ ಸೆನ್ಸಿಟಿವಿಟಿ ಇಳಿಸಿ ಇಳಿಸಿ ಸಾಕಾಗುತ್ತದೆ. ಅದರ ಕಾಯಿಲ್ ನೀರಿಗಿಳಿಯಬಹುದು, ಮೇಲಿನ ಡಬ್ಬಿ ಇಳಿಯುವಂತಿಲ್ಲ. ಸಿಂಪ್ಲೆಕ್ಸ್‌ಗೆ ಬೀಚ್ ಮೋಡ್ ಇದೆ, ಸುಮ್ಮನಾಗುತ್ತದೆ, ಜೊತೆಗೆ ಆಳವೂ ಕಡಿಮೆಯಾಗುತ್ತದೆ. ಈಕ್ವಿನಾಕ್ಸ್ ಹಲವು ಫ್ರೀಕ್ವೆನ್ಸಿಗಳ ಉತ್ತರ ಹೋಲಿಸಿ ಉಪ್ಪನ್ನು ಕಳೆದುಬಿಡುತ್ತದೆ. ಇಲ್ಲಿ ಪೈಪೋಟಿಯೇ ಇಲ್ಲ. ಬೀಚಿನಲ್ಲಿ ಸಿಗುವ ಬೆಳ್ಳಿ ಉಂಗುರದ ಒಳಗೆ ಭೂತಗನ್ನಡಿ ಹಿಡಿದು ನೋಡಿ: ನಡೆಯುವ ಸಿಂಹ ಇದ್ದರೆ ಇಂಗ್ಲೆಂಡಿನ ಸ್ಟರ್ಲಿಂಗ್ ಬೆಳ್ಳಿ (ನೂರಕ್ಕೆ 92.5 ಪಾಲಿನದು), ಲಂಗರು ಇದ್ದರೆ ಬರ್ಮಿಂಗ್‌ಹ್ಯಾಮ್ ಊರಲ್ಲಿ ಪರೀಕ್ಷೆ ಮಾಡಿ ಒತ್ತಿದ ಮುದ್ರೆ. ಇತ್ತೀಚಿನದಾದರೆ ಅದು ಯಾರೋ ಕಳಕೊಂಡದ್ದು, ಅವರಿಗೆ ತಲುಪಿಸುವ ದಾರಿ ನೋಡಬೇಕು.

ತೂಕ ಮೂರರದ್ದೂ ಒಂದೂ ಕಾಲು ಕಿಲೋ ಚಿಲ್ಲರೆ, ಅದರಲ್ಲಿ ಆರಿಸುವಂಥದ್ದೇನಿಲ್ಲ. ಏಸ್‌ಗೆ ನಾಲ್ಕು ಮಾಮೂಲಿ ಡಬಲ್ ಎ ಬ್ಯಾಟರಿ, ಉಳಿದೆರಡು ಚಾರ್ಜ್ ಮಾಡುವಂಥವು. ದಿನವಿಡೀ ಹೊಲದಲ್ಲಿರುವವನಿಗೆ ಅಂಗಡಿಯಲ್ಲಿ ಸಿಗುವ ಬ್ಯಾಟರಿಯೇ ವಾಸಿ ಅನ್ನಿಸುತ್ತದೆ.

ಹಾಗಾದರೆ ಯಾವುದು? ಮಕ್ಕಳನ್ನು ಕರೆದುಕೊಂಡು ವಾರಾಂತ್ಯಕ್ಕೆ ಒಣ ನೆಲದಲ್ಲಿ ಓಡಾಡುವವರಿಗೆ ಏಸ್ ಸಾಕು. ಕಲಿಯುವುದು ಬಲು ಸುಲಭ. ಒಂದೇ ಯಂತ್ರ, ಜಾಸ್ತಿ ದುಡ್ಡು ಹಾಕಲ್ಲ ಅನ್ನುವವರಿಗೆ ಸಿಂಪ್ಲೆಕ್ಸ್, ಮಳೆಗೂ ಹೆದರುವುದಿಲ್ಲ. ಹಳೇ ಮನೆ ಜಾಗ ಅಥವಾ ಬೀಚ್ ನಿಮ್ಮ ಕೈಗೆಟುಕುವಂತಿದ್ದರೆ ಮಾತ್ರ ಈಕ್ವಿನಾಕ್ಸ್. ಬಯಲು ಹೊಲವೊಂದೇ ಇದ್ದರೆ ಆ ದುಡ್ಡು ದಂಡ. ನಾನು ಏಸ್ ಮಾರಿದೆ, ಸಿಂಪ್ಲೆಕ್ಸನ್ನು ಗೆಳೆಯರು ಬಂದಾಗ ಕೊಡಲು ಇಟ್ಟುಕೊಂಡಿದ್ದೇನೆ. ಉಳಿದ ದುಡ್ಡಲ್ಲಿ, ಅಗೆದ ಮಣ್ಣಲ್ಲಿ ಲೋಹ ಎಲ್ಲಿದೆ ಅಂತ ತೋರಿಸುವ, ಕೈಯಲ್ಲಿ ಹಿಡಿಯುವ ಪಿನ್‌ಪಾಯಿಂಟರ್ ಒಂದು ಕೊಳ್ಳಿ. ಹೆಂಟೆಯೊಳಗಿನ ಅರ್ಧ ಪೆನ್ನಿ ಅದಿಲ್ಲದೆ ಸುಲಭಕ್ಕೆ ಸಿಗುವುದಿಲ್ಲ.

ಯಂತ್ರಕ್ಕಿಂತ ಮೊದಲು ಅನುಮತಿ. ಇಲ್ಲಿ ಜಮೀನಿನವರ ಒಪ್ಪಿಗೆ ಬರಹದಲ್ಲಿ ಪಡೆದು, ಸಿಕ್ಕಿದ್ದರಲ್ಲಿ ಅರ್ಧ ಪಾಲು ಅಂತ ಮಾತಾಡಿಕೊಳ್ಳುವುದು ರೂಢಿ. ಸಂರಕ್ಷಿತ ಸ್ಮಾರಕದ ಜಾಗದಲ್ಲಿ ಆಡಿಸುವಂತಿಲ್ಲ. 1996ರ ಟ್ರೆಷರ್ ಆಕ್ಟ್ ಪ್ರಕಾರ 300 ವರ್ಷಕ್ಕಿಂತ ಹಳೆಯ ಚಿನ್ನ, ಬೆಳ್ಳಿಯ ವಸ್ತು, ಅಥವಾ ಒಂದೇ ಕಡೆ ಹುಗಿದಿದ್ದ ಅಂಥ ಎರಡು ನಾಣ್ಯ ಸಿಕ್ಕರೂ 14 ದಿನದೊಳಗೆ ಕೊರೊನರ್ ಅನ್ನುವ, ಇಂಥ ನಿಧಿಯ ವಿಚಾರಣೆ ಮಾಡುವ ಅಧಿಕಾರಿಗೆ ತಿಳಿಸಬೇಕು. ಒಂಟಿ ನಾಣ್ಯಕ್ಕೆ ಆ ಕಡ್ಡಾಯ ಇಲ್ಲ. ಆದರೂ ನನ್ನ ಅರ್ಧ ಪೆನ್ನಿಯನ್ನು ಸಿಕ್ಕ ಹಳೇ ವಸ್ತುಗಳನ್ನು ದಾಖಲಿಸಿಕೊಳ್ಳುವ ಜಿಲ್ಲೆಯ ಫೈಂಡ್ಸ್ ಅಧಿಕಾರಿಗೆ ತೋರಿಸಿ ದಾಖಲು ಮಾಡಿಸಿದೆ. ಇದೇ ಸಫೋಕ್‌ನ ಹಾಕ್ಸನ್‌ನಲ್ಲಿ 1992ರಲ್ಲಿ ಎರಿಕ್ ಲಾಸ್ ಅನ್ನುವವರು ರೈತ ಗೆಳೆಯನ ಕಳೆದ ಸುತ್ತಿಗೆ ಹುಡುಕಲು ಹೋಗಿ ರೋಮನ್ ನಿಧಿ ಕಂಡರು. ಎಲ್ಲ ಅಗೆದು ಹಾಕದೆ ಅಧಿಕಾರಿಗಳಿಗೆ ಹೇಳಿದ್ದರಿಂದ, ಸುಮಾರು 15 ಸಾವಿರ ನಾಣ್ಯಗಳ ಜೊತೆ ಅವನ್ನಿಟ್ಟ ಪೆಟ್ಟಿಗೆಯ ಗುರುತುಗಳೂ ಉಳಿದವು. ಸುತ್ತಿಗೆಯೂ ಸಿಕ್ಕಿತು. ಅದೂ ಈಗ ಬ್ರಿಟಿಷ್ ಮ್ಯೂಸಿಯಂನಲ್ಲಿದೆ.

ಊರಲ್ಲಿ ಗೆಳೆಯರು ಕೇಳುವುದಿದೆ: "ಬರುವಾಗ ಒಂದು ತಗೊಂಡು ಬಾರೋ, ಹಂಪಿ ಕಡೆ ಹೋಗಿ ಬರೋಣ." ತರುವುದಿಲ್ಲ. ಅಲ್ಲಿ ಇಂಗ್ಲೆಂಡಿನ ಹಾಗೆ ಹವ್ಯಾಸಿಗಳಿಗೆ ದಾರಿ ಮಾಡಿಕೊಟ್ಟ ಏರ್ಪಾಡು ಇಲ್ಲ. ಸಂರಕ್ಷಿತ ಸ್ಮಾರಕದಲ್ಲಿ ಅಗೆಯುವುದಕ್ಕೆ 1958ರ ಕಾಯ್ದೆ ಅಡ್ಡ ಇದೆ. ಆಕಸ್ಮಿಕವಾಗಿ ನಿಧಿ ಸಿಕ್ಕರೆ ಏನು ಮಾಡಬೇಕು ಅನ್ನುವುದಕ್ಕೆ ಕರ್ನಾಟಕದ್ದೇ 1962ರ ನಿಧಿ ಕಾಯ್ದೆ ಇದೆ. ತೋಟದಲ್ಲಿ ಪಾಯ ತೆಗೆಯುವಾಗ ಮಡಕೆ ಸಿಕ್ಕಿತು ಅಂದರೆ ಹೋಗಬೇಕಾದ್ದು ಜಿಲ್ಲಾಧಿಕಾರಿ ಕಚೇರಿಗೆ, ಅಕ್ಕಸಾಲಿಗರ ಅಂಗಡಿಗಲ್ಲ.