ಮಳೆಗಾಲದ ಥಂಡಿ ಅಂದುಕೊಂಡೆ, ಸೋರುತ್ತಿದ್ದದ್ದು ಮೀನಿನ ಟ್ಯಾಂಕ್

ಮನೆಯಲ್ಲಿ ಮೀನಿನ ಟ್ಯಾಂಕ್ ಇಟ್ಟಿರುವ ಕೊಡಗಿನವರು ದಯವಿಟ್ಟು ಇದನ್ನು ಪೂರ್ತಿ ಓದಿ. ಅದರಲ್ಲೂ ಮಹಡಿ ಮೇಲೆ ಇಟ್ಟಿರುವವರು.

ನಾವಿರುವುದು ಮಡಿಕೇರಿಯಲ್ಲಿ, ಹಳೇ ಹೆಂಚಿನ ಮನೆಯ ಮಹಡಿಯಲ್ಲಿ. ಮರದ ಹಲಗೆಯ ನೆಲ. ಕೆಳಗೆ ಮನೆಯ ಯಜಮಾನಿ ಅಜ್ಜಿ ಒಬ್ಬರೇ ಇದ್ದಾರೆ. ಮಗಳು ಆಸೆಪಟ್ಟಳು ಅಂತ ಹೋದ ವರ್ಷ ಒಂದು ಟ್ಯಾಂಕ್ ತಂದೆವು. ಮೂರು ಅಡಿ ಉದ್ದ, ಒಂದು ಅಡಿ ಅಗಲ, ಒಂದೂವರೆ ಅಡಿ ಎತ್ತರ. ಅಂಚಿನವರೆಗೆ ತುಂಬಿದರೆ ಸುಮಾರು 127 ಲೀಟರ್. ಲೀಟರಿಗೆ ಒಂದು ಕಿಲೋ ಲೆಕ್ಕ. ಗಾಜು, ಜಲ್ಲಿಕಲ್ಲು ಸೇರಿದರೆ ಮೂರು ಚೀಲ ಕಾಫಿಗಿಂತ ಜಾಸ್ತಿ ಭಾರ. ಆ ಲೆಕ್ಕವನ್ನು ನಾನು ಆಗ ಹಾಕಲೇ ಇಲ್ಲ.

ಅಂಗಡಿಯವರೇ ಬಂದು ಕೂರಿಸಿಕೊಟ್ಟರು. ನೆಲ ಒಂದು ಕಡೆ ಸ್ವಲ್ಪ ಇಳಿದಿತ್ತು. ಸ್ಟ್ಯಾಂಡಿನ ಒಂದು ಕಾಲಿನ ಅಡಿಗೆ ರಟ್ಟು ಮಡಚಿ ಇಟ್ಟು, "ಏನೂ ಆಗಲ್ಲ ಸಾರ್" ಅಂತ ಹೇಳಿ ಹೋದರು. ಬೇಸಿಗೆ ಮುಗಿಯುವವರೆಗೆ ಏನೂ ಆಗಲಿಲ್ಲ.

ಜುಲೈ ಎರಡನೇ ವಾರ ಟ್ಯಾಂಕಿನ ಹಿಂದಿನ ಮೂಲೆಯಲ್ಲಿ ಒಂದು ನಾಣ್ಯದಷ್ಟು ಅಗಲ ಒದ್ದೆ ಕಂಡಿತು. ಒರೆಸಿದೆ. ಮರುದಿನ ಮತ್ತೆ ಅಷ್ಟೇ ಒದ್ದೆ. ನಮ್ಮ ಕಡೆ ಜುಲೈ ಹೇಗಿರುತ್ತದೆ ಅಂತ ನಿಮಗೆ ಗೊತ್ತಲ್ವಾ? ಗೋಡೆ ಬೆವರುತ್ತದೆ, ಬೆಲ್ಟು ಚಪ್ಪಲಿಗೆಲ್ಲ ಬೂಷ್ಟು ಬರುತ್ತದೆ, ಮಕ್ಕಳ ಯೂನಿಫಾರ್ಮನ್ನು ಒಲೆಯ ಮೇಲೆ ಹಗ್ಗ ಕಟ್ಟಿ ಒಣಗಿಸಬೇಕು. ಇದೂ ಥಂಡಿ ಅಂದುಕೊಂಡೆ. ಸುಮಾರು ಮೂರು ವಾರ ಬೆಳಗ್ಗೆ ಎದ್ದು ಒರೆಸಿದ್ದೇ ಒರೆಸಿದ್ದು.

ನಾನು ಎಡವಿದ್ದು ಇಲ್ಲೇ. ಬೆವರುವುದು ತಣ್ಣಗಿರುವ ವಸ್ತು. ಫ್ರಿಜ್ಜಿನಿಂದ ತೆಗೆದ ಬಾಟಲಿ ಬೆವರುತ್ತದೆ, ಬಿಸಿ ಕಾಫಿ ಲೋಟದ ಹೊರಗೆ ಹನಿ ಕೂರುವುದಿಲ್ಲ. ನಮ್ಮ ಟ್ಯಾಂಕಿಗೆ ಹೀಟರ್ ಹಾಕಿದ್ದೆ, ನೀರು 26 ಡಿಗ್ರಿ ಇರುತ್ತಿತ್ತು. ಮನೆಯೊಳಗೆ 19, 20 ಅಷ್ಟೇ. ಕೋಣೆಗಿಂತ ಬೆಚ್ಚಗಿರುವ ಗಾಜು ಹೊರಗಡೆ ಬೆವರುವುದಕ್ಕೆ ದಾರಿಯೇ ಇಲ್ಲ. ಹಾಗಾಗಿ ಆ ಒದ್ದೆ ಒಳಗಿನ ನೀರೇ. ಭಾನುವಾರ ಬಂದರೆ ಎರಡು ಮೂರು ಜಗ್ ನೀರು ಸೇರಿಸುತ್ತಿದ್ದೆ. ಮುಚ್ಚಳ ಹಾಕಿದ ಟ್ಯಾಂಕಿನಿಂದ ಆ ಮಳೆಯಲ್ಲಿ ಅಷ್ಟು ನೀರು ಆರಿ ಹೋಗುವುದಿಲ್ಲ ಅಂತ ಆಗಲೂ ಹೊಳೆಯಲಿಲ್ಲ.

ಕೊನೆಗೆ ಅನುಮಾನ ಬಂದಾಗ ಇನ್ನೂ ದೊಡ್ಡ ತಪ್ಪು ಮಾಡಿದೆ. ಹಾರ್ಡ್‌ವೇರ್ ಅಂಗಡಿಯಿಂದ ಸಿಲಿಕೋನ್ ಟ್ಯೂಬ್ ತಂದು, ನೀರು ಖಾಲಿ ಮಾಡದೆ, ಹೊರಗಿನಿಂದ ಆ ಮೂಲೆಗೆ ದಪ್ಪಗೆ ಮೆತ್ತಿದೆ. ಒದ್ದೆ ನಿಂತಿತು. ಸರಿಯಾಯಿತು ಅಂತ ನಂಬಿದೆ.

ಆಗಸ್ಟ್ 3ಕ್ಕೆ ಆಟಿ ಹದಿನೆಂಟು, ಅಂದರೆ ಆಟಿ ತಿಂಗಳ ಹದಿನೆಂಟನೇ ದಿನ ನಮ್ಮ ಕಡೆ ಆಚರಿಸುವ ಹಬ್ಬ. ಮದ್ದು ಸೊಪ್ಪಿನ ಪಾಯಸಕ್ಕೆ ಅಂತ ಹಿಂದಿನ ದಿನವೇ ಭಾಗಮಂಡಲದ ಕಡೆ ಇರುವ ಊರಿನ ಮನೆಗೆ ಹೋದೆವು. ಮೂರನೇ ತಾರೀಕು ಮಧ್ಯಾಹ್ನ ಅಜ್ಜಿ ಫೋನ್ ಮಾಡಿದರು. "ಮಗ, ಮೇಲೆ ಹೆಂಚು ಒಡೆದಿದೆಯೋ ಏನೋ, ನನ್ನ ಉಗ್ರಾಣಕ್ಕೆ ನೀರು ಬೀಳ್ತಾ ಉಂಟು. ಬಕೆಟ್ ಇಟ್ಟಿದ್ದೇನೆ." ಅವರೂ ಮಳೆ ಅಂತಲೇ ಅಂದುಕೊಂಡಿದ್ದರು. ಬಂದ ಮೇಲೆ ನೋಡುತ್ತೇನೆ ಅಜ್ಜಿ ಅಂದೆ. ಅರ್ಧ ಗಂಟೆ ಬಿಟ್ಟು ಮತ್ತೆ ಫೋನ್. "ಮಳೆ ನೀರಿಗೆ ಮೀನಿನ ವಾಸನೆ ಯಾಕೆ ಮಗ?"

ನನ್ನ ಎದೆ ಧಸಕ್ಕೆಂದಿತು. ಜಗಲಿಯಲ್ಲಿರುವ ನಮ್ಮ ಮೇನ್ ಸ್ವಿಚ್ ಮೊದಲು ಆಫ್ ಮಾಡಿ ಅಜ್ಜಿ, ಮೇಲೆ ಹೋಗಬೇಡಿ ಅಂದೆ. ನಾನು ಮಾಡಿದ ಒಂದೇ ಒಂದು ಸರಿಯಾದ ಕೆಲಸ ಅದು.

ಸಂಜೆ ಬಾಗಿಲು ತೆಗೆದರೆ ಹಲಗೆಯೆಲ್ಲ ನೀರು. ಎಕ್ಸ್‌ಟೆನ್ಷನ್ ಬೋರ್ಡ್ ನೆಲದ ಮೇಲೇ ಇತ್ತು, ಅದರ ಸುತ್ತಲೂ ನೀರು. ಟ್ಯಾಂಕಿನಲ್ಲಿ ನಾಲ್ಕು ಬೆರಳಷ್ಟು ಮಾತ್ರ ಉಳಿದಿತ್ತು. ಬೆಳಗ್ಗೆ ಹೋಗಿದ್ದ ಕರೆಂಟ್ ಮಧ್ಯಾಹ್ನ ಬಂದಿದೆ. ಅಷ್ಟರಲ್ಲಿ ನೀರು ಇಳಿದು ಹೀಟರ್ ಅರ್ಧಕ್ಕರ್ಧ ಹೊರಗೆ ಬಂದಿತ್ತು. ಕಾದು ಅದರ ಗಾಜು ಉದ್ದಕ್ಕೆ ಸೀಳಿ, ಒಳಗಿನ ತಂತಿ ಕಾಣುತ್ತಿತ್ತು. ನಾನು ತಡೆಯುವ ಮೊದಲೇ ಮಗಳು ಓಡಿಹೋಗಿ, ಮೀನು ಎತ್ತಲು ಎರಡೂ ಕೈ ನೀರಿಗೆ ಹಾಕಿಬಿಟ್ಟಳು. ಮೇನ್ ಆಫ್ ಆಗಿರದಿದ್ದರೆ? ಬರೆಯುವಾಗಲೂ ಕೈ ನಡುಗುತ್ತಿದೆ. ಹಳೇ ಮನೆಗಳಲ್ಲಿ ಹೆಚ್ಚಾಗಿ ಆರ್‌ಸಿಸಿಬಿ ಇರುವುದಿಲ್ಲ, ನಮ್ಮಲ್ಲೂ ಇರಲಿಲ್ಲ. ಕರೆಂಟ್ ನೀರಿನ ಮೂಲಕವೋ ನಮ್ಮ ಮೈ ಮೂಲಕವೋ ನೆಲಕ್ಕೆ ಸೋರಿದರೆ ಕ್ಷಣದಲ್ಲಿ ಲೈನ್ ಕಡಿಯುವ ಸ್ವಿಚ್ ಅದು. 30 ಮಿಲಿಆಂಪಿನದು ಹಾಕಿಸಿ. ಮೀನು ಸಾಕುವವರಿಗೆ ಇದು ಬೇಕೇ ಬೇಕು.

ಆರು ಏಂಜಲ್ ಮೀನುಗಳಲ್ಲಿ ಎರಡು ಸತ್ತಿದ್ದವು. ಕೆಳಗೆ ಅಜ್ಜಿಯ ಎರಡು ಚೀಲ ಕರಿಮೆಣಸು ನೆನೆದಿತ್ತು. ಒಳ್ಳೆ ರೇಟ್ ಬರಲಿ ಅಂತ ಕಾದು ಇಟ್ಟಿದ್ದು. ಆ ಮಳೆಯಲ್ಲಿ ಮೆಣಸು ಒಣಗಿಸುವುದು ಎಲ್ಲಿ? ಫ್ಯಾನ್ ಕೆಳಗೆ ಹರಡಿದೆವು, ಒಲೆ ಪಕ್ಕದಲ್ಲಿ ಹರಡಿದೆವು. ನಾಲ್ಕನೇ ದಿನ ಕಾಳಿನ ಸುಕ್ಕುಗಳ ಒಳಗೆ ಬೆಳ್ಳಗೆ ಬೂಷ್ಟು. ಒಂದು ಚೀಲ ಪೂರ್ತಿ ಎಸೆಯಬೇಕಾಯಿತು. ಅದರ ದುಡ್ಡು ಕೊಟ್ಟೆ. ಆದರೆ ವರ್ಷವಿಡೀ ಜೋಪಾನ ಮಾಡಿದ ಮೆಣಸನ್ನು ಅವರು ಗುಂಡಿಗೆ ಸುರಿಯುವುದನ್ನು ನಿಂತು ನೋಡಿದ್ದು ಮರೆಯಲ್ಲ.

ಸ್ಟ್ಯಾಂಡ್ ಎತ್ತಿದಾಗ ಕಾರಣ ಕಣ್ಣಿಗೆ ಬಿತ್ತು. ಆ ರಟ್ಟು ನೆನೆದ ಅಕ್ಕಿ ರೊಟ್ಟಿ ಹಾಗೆ ಮೆತ್ತಗಾಗಿ ಕುಸಿದಿತ್ತು. ಒಂದು ಕಾಲು ತಗ್ಗಿದರೆ ಟ್ಯಾಂಕ್ ತಿರುಚಿಕೊಳ್ಳುತ್ತದೆ. ಗಾಜು ಬಗ್ಗುವುದಿಲ್ಲ, ಎಳೆತವೆಲ್ಲ ಮೂಲೆಯ ಸಿಲಿಕೋನಿನ ಮೇಲೆ ಬೀಳುತ್ತದೆ. ಹಿಂದಿನ ಮೂಲೆಯಲ್ಲಿ ಗಾಜಿಗೂ ಸಿಲಿಕೋನಿಗೂ ನಡುವೆ ಕೂದಲಿನಷ್ಟು ಬಿಳಿ ಗೆರೆ. ಉಗುರು ತಾಗಿಸಿದರೆ ಎದ್ದು ಬಂತು. ನಾನು ಮೆತ್ತಿದ್ದು ಇಡಿಯಾಗಿ ಕೈಗೆ ಕಿತ್ತು ಬಂತು.

ಹೊರಗಿನಿಂದ ಮೆತ್ತಿದರೆ ಒಳಗಿನ ನೀರೇ ಅದನ್ನು ಒತ್ತಿ ತಳ್ಳುತ್ತದೆ. ಹಳೇ ಸಿಲಿಕೋನಿನ ಮೇಲೆ ಹೊಸದು ಸರಿಯಾಗಿ ಹಿಡಿಯುವುದಿಲ್ಲ. ರಿಪೇರಿ ಅಂದರೆ ಮೀನು ಬೇರೆ ಕಡೆ ಬಿಟ್ಟು, ನೀರು ಖಾಲಿ ಮಾಡಿ, ಒಳಗಿನ ಹಳೇದನ್ನು ಬ್ಲೇಡಿನಿಂದ ಕೆರೆದು, ಗಾಜು ಒರೆಸಿ ಪೂರ್ತಿ ಒಣಗಿಸಿ, ಒಳಗಿನಿಂದ ಹಾಕುವುದು. ಆಮೇಲೆ ಒಂದು ವಾರ ಬಿಡಬೇಕು, ಹೊರಗೆ ಸಮತಟ್ಟಾದ ಜಾಗದಲ್ಲಿ ನೀರು ತುಂಬಿ ಎರಡು ಮೂರು ದಿನ ನೋಡಬೇಕು. ಟ್ಯೂಬ್ ಅಕ್ವೇರಿಯಂಗೆ ಅಂತಲೇ ಇರುವುದನ್ನು ತನ್ನಿ. ಬಾತ್‌ರೂಮಿಗೆ ಹಾಕುವುದರಲ್ಲಿ ಬೂಷ್ಟು ಬರದ ಹಾಗೆ ಔಷಧ ಸೇರಿಸಿರುತ್ತಾರೆ, ಅದು ಮೀನಿಗೆ ವಿಷ.

ಮಳೆಗಾಲದಲ್ಲಿ ಅನುಮಾನ ಬಂದರೆ ಹೀಗೆ ಮಾಡಿ. ನೀರಿನ ಮಟ್ಟಕ್ಕೆ ಗಾಜಿನ ಮೇಲೆ ಟೇಪ್ ಅಂಟಿಸಿ, ನಾಲ್ಕೂ ಮೂಲೆಗೆ ನ್ಯೂಸ್‌ಪೇಪರ್ ಚೂರು ಇಡಿ. ರಾತ್ರಿ ಕಳೆದು ಒಂದೇ ಮೂಲೆಯ ಪೇಪರ್ ನೆನೆದಿದ್ದರೆ ಅದು ಥಂಡಿ ಅಲ್ಲ. ಅವತ್ತೇ ಖಾಲಿ ಮಾಡಿ.

ಏರ್ ಪಂಪ್ ನೀರಿನ ಮಟ್ಟಕ್ಕಿಂತ ಕೆಳಗಿದ್ದರೆ ಅದನ್ನೂ ನೋಡಿಕೊಳ್ಳಿ. ಕರೆಂಟ್ ಹೋದಾಗ ಪೈಪಿನಲ್ಲಿ ನೀರು ಹಿಂದಕ್ಕೆ ಇಳಿದು ಬರಬಹುದು. ಸಣ್ಣ ಚೆಕ್ ವಾಲ್ವ್ ಹಾಕಿದರೆ ಸಾಕು. ನಮ್ಮೂರಲ್ಲಿ ಮಳೆಗಾಲದ ಕರೆಂಟ್ ಕಥೆ ಹೇಳುವುದೇ ಬೇಡ.

ಉಳಿದ ನಾಲ್ಕು ಮೀನುಗಳು ಈಗ ಅಜ್ಜಿಯ ಜಗಲಿಯಲ್ಲಿವೆ, ಸಿಮೆಂಟ್ ನೆಲದ ಮೇಲೆ, ಎರಡು ಅಡಿಯ ಟ್ಯಾಂಕಿನಲ್ಲಿ. ಸ್ಟ್ಯಾಂಡಿನ ಅಡಿಗೆ ರಟ್ಟಿಲ್ಲ, ಮಟ್ಟಗೋಲು ಇಟ್ಟು ನೋಡಿಯೇ ಕೂರಿಸಿದೆ. ಶಾಲೆಗೆ ಹೊರಡುವ ಮೊದಲು ಮಗಳು ಟೇಪಿನ ಗೆರೆ ನೋಡುತ್ತಾಳೆ. ಅವಳು ಬರುವಷ್ಟರಲ್ಲಿ ಅಜ್ಜಿ ಒಂದು ಸಲ ನೋಡಿ ಆಗಿರುತ್ತದೆ.